ಹೆಲ್ಮೆಟ್ಟಿನ ಹಣೆಗೆ ಕುಂಕುಮ

"ಮುಚ್ಚಿ," ಎಂದಳು ಸಮತಾ.

"ಬೇಡ ಮೇಡಂ." ಮೇಲಿನ ದುಂಡು ಬೆಳಕಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಹುಲಿಯಪ್ಪನ ತಲೆ ಇಣುಕಿತು. "ಮನುಷ್ಯ ಸತ್ತ ಜಾಗ. ನಿಮಗೇನಾದ್ರೂ ಆದ್ರೆ ನನ್ನ ಪೆನ್ಷನ್ ಫೈಲು ಮುಂದೆ ಕಳಿಸೋರು ಯಾರು?"

"ಒಂದೇ ನಿಮಿಷ. ಬೋಲ್ಟ್ ಹಾಕಬೇಡಿ. ಮುಚ್ಚಳ ಎಳೀರಿ, ಸಾಕು."

ಕಬ್ಬಿಣದ ಮುಚ್ಚಳ ಕರಕರ ಎಂದು ಸರಿಯಿತು. ದುಂಡು ಬೆಳಕು ಅರ್ಧವಾಯಿತು, ಗೆರೆಯಾಯಿತು, ಇಲ್ಲವಾಯಿತು.

ಸಬ್ ಇನ್‌ಸ್ಪೆಕ್ಟರ್ ಸಮತಾ ಕುಳಿತಿದ್ದುದು ಕಬ್ಬಿನ ಕಾಕಂಬಿ ತುಂಬುವ ಟ್ಯಾಂಕಿನ ತಳದಲ್ಲಿ. ಸಕ್ಕರೆ ಕಾರ್ಖಾನೆಯೊಂದಕ್ಕೆಂದು ಕಟ್ಟುತ್ತಿದ್ದ ಟ್ಯಾಂಕು. ಇನ್ನೂ ಕಾಕಂಬಿ ಕಂಡಿರಲಿಲ್ಲ. ಮಲವಗೊಪ್ಪದ ಈ ಫ್ಯಾಬ್ರಿಕೇಶನ್ ಶೆಡ್ಡಿನ ಸ್ಟೋರ್ ಕೀಪರ್ ಚೌಡಯ್ಯ ಊಟವಾದ ಮೇಲೆ ಇದರೊಳಗೆ ಚೀಲ ಹಾಸಿಕೊಂಡು ಮಲಗುತ್ತಿದ್ದ. ತಂಪಾಗಿರುತ್ತದೆ ಎನ್ನುತ್ತಿದ್ದನಂತೆ. ಅದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊನ್ನೆ ಮಧ್ಯಾಹ್ನ ಅವನು ನಿದ್ದೆಯಲ್ಲಿದ್ದಾಗ ಯಾರೋ ಮುಚ್ಚಳ ಹಾಕಿ ಬೋಲ್ಟ್ ಬಿಗಿದರು. ಪಕ್ಕದ ಕೊಳವೆಗೆ ಬೆಸುಗೆಗೆ ಬಳಸುವ ಆರ್ಗಾನ್ ಅನಿಲದ ಪೈಪು ತುರುಕಿ ಸಿಲಿಂಡರ್ ತಿರುಗಿಸಿದರು. ಆರ್ಗಾನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನೀರು ತುಂಬಿದ ಹಾಗೆ ಕೆಳಗಿನಿಂದ ಮೇಲಕ್ಕೆ ತುಂಬುತ್ತದೆ. ಉಸಿರಾಡಲು ಗಾಳಿಯನ್ನೇ ಉಳಿಸುವುದಿಲ್ಲ.

ಸಮತಾ ಕಬ್ಬಿಣದ ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಸದ್ದು ಅಲ್ಲೇ ಸತ್ತಿತು. ಗ್ರೈಂಡರುಗಳು ಕಿರುಚುವ ಶೆಡ್ಡಿನಲ್ಲಿ ಇದು ಯಾರಿಗೆ ಕೇಳಬೇಕು?

ಅವನಿಗೆ ಎಚ್ಚರವಾಗಿತ್ತೇ?

ನಿಮಿಷ ಕಳೆಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬೆನ್ನಿಗೆ ಅಂಗಿ ಅಂಟಿತ್ತು. ಇದರಿಂದ ಏನು ಸಿಕ್ಕಿತು, ಸುಮ್ಮನೆ ನಾಟಕ ಮಾಡಿದೆನೇ ಎಂಬ ಅನುಮಾನ ಎಂದಿನಂತೆ ಶುರುವಾಯಿತು. ಅನುಮಾನಕ್ಕಿಂತ ಭಯ ಮುಂದೆ ಓಡಿತು.

"ಹುಲಿಯಪ್ಪ! ತೆಗೀರಿ!"

ಬೆಳಕು ಬಂತು. ಹುಲಿಯಪ್ಪ ಕೈ ನೀಡಿ ಮೇಲಕ್ಕೆ ಎಳೆದುಕೊಂಡ. "ಇನ್ನರ್ಧ ನಿಮಿಷ ಇತ್ತು ಮೇಡಂ," ಎಂದ. ಅವಳ ಮುಖ ನೋಡಿ ನಗು ನುಂಗಿದ.

ಲಾಕಪ್ಪಿನಲ್ಲಿ ನಿನ್ನೆ ಸಂಜೆಯಿಂದ ಯೋಗರಾಜನಿದ್ದ. ಭದ್ರಾವತಿಯ ಹುಡುಗ, ಇಲ್ಲಿಯೇ ವೆಲ್ಡರ್. ಹೊಸ ಗ್ಲೌಸು ಕೊಡಲಿಲ್ಲವೆಂದು ಚೌಡಯ್ಯನ ಕೊರಳಪಟ್ಟಿ ಹಿಡಿದಿದ್ದ. ಟ್ಯಾಂಕಿನ ಪಕ್ಕ ಸಿಕ್ಕ ಸ್ಪ್ಯಾನರು ಅವನದು. ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಸರ್ಕಲ್ ಇನ್‌ಸ್ಪೆಕ್ಟರಿಗೆ ಇಷ್ಟು ಸಾಕಾಗಿತ್ತು. ಇವತ್ತು ಸಂಜೆ ಐದರೊಳಗೆ ಅವನನ್ನು ಶಿವಮೊಗ್ಗದ ಕೋರ್ಟಿಗೆ ಹಾಜರುಪಡಿಸಬೇಕು. ಒಮ್ಮೆ ಕೊಲೆ ಕೇಸಿನಲ್ಲಿ ಜೈಲಿಗೆ ಹೋದರೆ ಅವನಂಥವನಿಗೆ ಜಾಮೀನು ಕೊಡಿಸುವವರು ಯಾರು?

ಸಮತಾಳ ಮನಸ್ಸು ಮಾತ್ರ ಫೋರ್‌ಮನ್ ಗೋವಿಂದನ ಸುತ್ತ ಸುಳಿಯುತ್ತಿತ್ತು. ಆರ್ಗಾನ್ ಸಿಲಿಂಡರಿನ ಕೀಲಿ ಅವನೊಬ್ಬನ ಹತ್ತಿರ ಇರುತ್ತಿತ್ತು. ಆದರೆ ಊಟದಿಂದ ಚಹಾದವರೆಗೆ ಅವನು ಮೂಲೆಯ ಬೆಂಚಿನಲ್ಲಿ ಕೂತು ಬೆಸುಗೆ ಹಾಕುತ್ತಿದ್ದುದನ್ನು ಮಾಲೀಕ ವಿಷ್ಣುಪ್ರಸಾದನೇ ಕ್ಯಾಬಿನ್ನಿನ ಗಾಜಿನಿಂದ ನೋಡಿದ್ದ.

"ಮುಖ ನೋಡಿದ್ರಾ?" ಸಮತಾ ಈಗ ಅದೇ ಕ್ಯಾಬಿನ್ನಿನಲ್ಲಿ ನಿಂತು ಕೇಳಿದಳು.

"ಮುಖ ಹೇಗೆ ನೋಡೋದು? ಹೆಲ್ಮೆಟ್ ಇತ್ತಲ್ಲ," ವಿಷ್ಣುಪ್ರಸಾದ ಅಂದ. ಐವತ್ತರ ಹತ್ತಿರದ ಇಂಜಿನಿಯರು. ಎರಡು ದಿನದಲ್ಲಿ ಗಡ್ಡ ಬೆಳ್ಳಗೆ ಬಂದಿತ್ತು. "ಅದೇ ನೀಲಿ ಹೆಲ್ಮೆಟ್. ಗೋವಿಂದ ಬಿಟ್ರೆ ಬೇರೆಯೋರು ಮುಟ್ಟಲ್ಲ. ಕೊಯಮತ್ತೂರಿನ ಎಕ್ಸಿಬಿಷನ್ನಿನಿಂದ ನಾನೇ ತಂದಿದ್ದು. ಈ ಜಿಲ್ಲೇಲಿ ಎರಡನೇದು ಇದ್ದ ಹಾಗಿಲ್ಲ."

ಹೆಲ್ಮೆಟ್ಟು ಅವನ ಮೇಜಿನ ಮೇಲಿತ್ತು. ತಲೆ, ಮುಖವನ್ನೆಲ್ಲ ಮುಚ್ಚುವ ನೀಲಿ ಚಿಪ್ಪು, ಕಣ್ಣಿನ ಜಾಗದಲ್ಲಿ ಹಸಿರು ಛಾಯೆಯ ಆಯತದ ಗಾಜು. ಸಮತಾ ಅದನ್ನು ಎತ್ತಿ ಗಾಜಿನ ಮೂಲಕ ಕಿಟಕಿ ನೋಡಿದಳು. ಎಲ್ಲವೂ ಕಾಣುತ್ತಿತ್ತು, ತುಸು ಪಾಚಿ ಬಣ್ಣದಲ್ಲಿ.

"ಇಷ್ಟು ತೆಳು ಗಾಜಲ್ಲಿ ವೆಲ್ಡಿಂಗ್ ಮಾಡ್ತಾರಾ?"

"ಅದೇ ಅದರ ವಿಶೇಷ." ವಿಷ್ಣುಪ್ರಸಾದನ ದನಿಗೆ ಒಂದು ಕ್ಷಣ ಜೀವ ಬಂತು. "ಹಳೇ ಹೆಲ್ಮೆಟ್ಟಲ್ಲಿ ಗಾಜು ಯಾವಾಗಲೂ ಕಪ್ಪು. ಹಾಕ್ಕೊಂಡ್ರೆ ಕುರುಡ. ರಾಡು ಎಲ್ಲಿಡಬೇಕು ಅಂತ ನೋಡೋಕೆ ಮೇಲೆತ್ತಬೇಕು, ಆಮೇಲೆ ಕತ್ತು ಕೊಡವಿ ಇಳಿಸಬೇಕು. ಇದು ಹಂಗಲ್ಲ. ಎರಡು ಗಾಜಿನ ಮಧ್ಯೆ ದ್ರವ ಸ್ಫಟಿಕ ಅಂತ ಇರುತ್ತೆ. ಕ್ಯಾಲ್ಕುಲೇಟರಿನ ಪರದೆ ಮೇಲೆ ಕಪ್ಪು ಅಂಕಿ ಮೂಡುತ್ತಲ್ಲ, ಅದೇ ಸಾಮಾನು. ಕರೆಂಟು ಕೊಟ್ರೆ ಒಳಗಿನ ಕಣಗಳು ದಿಕ್ಕು ಬದಲಾಯಿಸಿ ನಿಲ್ತವೆ, ಬೆಳಕಿಗೆ ದಾರಿ ಬಂದ್. ಇಲ್ಲಿ ಅಂಕಿ ಬದಲು ಇಡೀ ಗಾಜೇ ಕಪ್ಪಾಗುತ್ತೆ. ರೆಪ್ಪೆ ಬಡಿಯೋಕೆ ಮುಂಚೆ."

"ಕಿಡಿ ಹೊತ್ತಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಹಣೇಲಿ ಎರಡು ಸಣ್ಣ ಕಣ್ಣಿದೆ. ಸೆನ್ಸರು. ಅದರ ಮೇಲೆ ಬೆಳಕು ಬಿದ್ದ ತಕ್ಷಣ ಕಪ್ಪಾಗುತ್ತೆ."

ಸಮತಾ ಹೆಲ್ಮೆಟ್ಟಿನ ಹಣೆ ನೋಡಿದಳು. ಕಣ್ಣು ಕಾಣಲಿಲ್ಲ.

ಕಂಡದ್ದು ಮೂರು ಬೆರಳಿನ ವಿಭೂತಿ ಪಟ್ಟೆ. ಗಂಧದಲ್ಲಿ ಕಲಸಿ ದಪ್ಪಗೆ ಎಳೆದದ್ದು. ಅದರ ಮೇಲೆ ಅರಿಸಿನ, ಕುಂಕುಮ.

ಎರಡು ದಿನದಿಂದ ಅವಳು ಈ ಹೆಲ್ಮೆಟ್ಟನ್ನು ಹತ್ತು ಸಲ ನೋಡಿದ್ದಳು. ಪಟ್ಟೆ ಕಣ್ಣಿಗೆ ಬಿದ್ದಿರಲೇ ಇಲ್ಲ. ಬೀಳುವುದಾದರೂ ಹೇಗೆ? ಆಯುಧಪೂಜೆಯಾದ ಶೆಡ್ಡಿನಲ್ಲಿ ಕುಂಕುಮವಿಲ್ಲದ ಸಾಮಾನೇ ಇರಲಿಲ್ಲ. ಲೇತಿಗೆ, ಡ್ರಿಲ್ಲಿಗೆ, ಸುತ್ತಿಗೆಗೆ, ಮಾಲೀಕನ ಸ್ಕೂಟರಿಗೆ, ಕಕ್ಕಸಿನ ಮೋಟಾರಿಗೂ. ಪೂಜೆ ಮುಗಿದು ಆಯುಧಗಳನ್ನು ವಿಶ್ರಾಂತಿಗೆ ಬಿಟ್ಟು, ಶೆಡ್ಡು ಮತ್ತೆ ತೆರೆದ ದಿನವೇ ಚೌಡಯ್ಯ ಸತ್ತದ್ದು.

"ಆ ಕಣ್ಣು ಮುಚ್ಚಿಹೋದ್ರೆ?" ಎಂದಳು, ದನಿ ಆದಷ್ಟು ಸಹಜವಾಗಿಟ್ಟುಕೊಂಡು.

"ಗಾಜು ಕಪ್ಪಾಗಲ್ಲ. ಅಪಾಯದ ಕಿರಣ ತಡೆಯೋ ಪೊರೆ ಬೇರೆ ಇದೆ, ಅದಕ್ಕೇ ಕಣ್ಣೇನೂ ಸುಡಲ್ಲ. ಆದ್ರೆ ಬೆಳಕು ತಡೆಯೋಕಾಗಲ್ಲ ಮೇಡಂ. ನೆತ್ತಿ ಸೂರ್ಯನ್ನ ದಿಟ್ಟಿಸಿದ ಹಾಗೆ. ಎರಡನೇ ಕಿಡಿಗೇ ಕಿತ್ತು ಬಿಸಾಕ್ತಾರೆ." ಅವನ ಕಣ್ಣು ಈಗ ಹೆಲ್ಮೆಟ್ಟಿನ ಹಣೆಯ ಮೇಲೆ ಬಿತ್ತು. ಬಾಯಿ ಅರ್ಧ ತೆರೆಯಿತು.

ಸಮತಾ ತುಟಿಯ ಮೇಲೆ ಬೆರಳಿಟ್ಟಳು.

"ಗೋವಿಂದನ್ನ ಕರೀರಿ, ಹುಲಿಯಪ್ಪ."

*

ಮೂಲೆಯ ಬೆಂಚಿಗೆ ಮೂರು ಕಡೆ ಟಾರ್ಪಾಲಿನ ಪರದೆ. ಕ್ಯಾಬಿನ್ನಿನ ಕಡೆಯಿಂದ ನೋಡಿದರೆ ಕೂತವನ ಬೆನ್ನು, ಚರ್ಮದ ಕೋಟು, ಹೆಲ್ಮೆಟ್ಟಿನ ಹಿಂಬದಿ, ಅಷ್ಟೇ.

ಗೋವಿಂದ ನಗುನಗುತ್ತಲೇ ಬಂದ. ಗಟ್ಟಿ ಆಳು, ಕೊರಳಲ್ಲಿ ಕಿಡಿ ಹಾರಿ ಸುಟ್ಟ ಸಣ್ಣ ಕಲೆಗಳು. ಕಣ್ಣು ಮಾತ್ರ ಮಗುವಿನ ಕಣ್ಣಿನಷ್ಟು ಬೆಳ್ಳಗಿತ್ತು.

"ಏನ್ ಮಾರಾಯ, ಹುಲಿಯಪ್ಪಣ್ಣ, ಇನ್ನೂ ಎಷ್ಟು ಸಲ ಕರೀತೀರಿ? ಈ ಲೆಕ್ಕಕ್ಕೆ ನಂಗೂ ಒಂದು ಖಾಕಿ ಹೊಲಿಸಿಬಿಡಿ."

"ಅಳತೆ ತಗೊಳ್ಳೋಕೇ ಕರೆದಿದ್ದು," ಎಂದ ಹುಲಿಯಪ್ಪ.

ಸಮತಾ ನಗಲಿಲ್ಲ. "ಮೊನ್ನೆ ಊಟ ಆದ್ಮೇಲೆ ಎಲ್ಲಿದ್ರಿ, ಇನ್ನೊಂದ್ಸಲ ಹೇಳಿ."

"ಇಲ್ಲೇ. ಈ ಸ್ಟೂಲ್ ಮೇಲೆ. ಚಹಾ ಬರೋವರೆಗೂ ಎದ್ದಿಲ್ಲ. ಸಾಹುಕಾರ್ರೇ ನೋಡಿದಾರೆ."

"ಈ ಹೆಲ್ಮೆಟ್ ಹಾಕ್ಕೊಂಡು?"

"ಹೂಂ. ಇದು ಬಂದ ಮೇಲೆ ಹಳೇದನ್ನ ಮುಟ್ಟೋಕೆ ಅಸಹ್ಯ ಆಗುತ್ತೆ."

"ಕುಂಕುಮ ಚೆನ್ನಾಗಿ ಹಚ್ಚಿದೀರಿ. ಪೂಜೆದೇನಾ? ಅಥವಾ ಆಮೇಲೆ ಮತ್ತೆ ಹಚ್ಚಿದ್ದಾ?"

"ಪೂಜೆದೇ. ಗಾಂಧಿ ಬಜಾರಿಂದ ತಂದ ಕುಂಕುಮ, ಬಣ್ಣ ನೋಡಿ ಹೆಂಗಿದೆ."

"ಮೊನ್ನೆ ಕೆಲಸ ಶುರು ಮಾಡೋ ಮುಂಚೆ ಒರೆಸಲಿಲ್ವಾ?"

ಗೋವಿಂದ ನಿಜವಾಗಿಯೂ ಬೆಚ್ಚಿದ. "ಪೂಜೆ ಕುಂಕುಮ ಯಾರಾದ್ರೂ ಒರೆಸ್ತಾರಾ ಮೇಡಂ? ಅದು ತಾನಾಗೇ ಹೋಗಬೇಕು. ನಾವು ಕೈ ಹಾಕಿದ್ರೆ ಕೆಲಸ ಕೈ ಬಿಡುತ್ತೆ."

"ಹಾಗಾದ್ರೆ ಪೂಜೆ ದಿನ ಹೇಗಿತ್ತೋ ಹಾಗೇ ಇದೆ."

"ಹಾಗೇ ಇದೆ."

"ಹಾಕ್ಕೊಳ್ಳಿ. ಒಂದು ಗೆರೆ ಬೆಸುಗೆ ಹಾಕಿ ತೋರಿಸಿ. ನಾನು ಇದನ್ನ ನೋಡೇ ಇಲ್ಲ."

ಹೇಳಿದ ಮೇಲೆ ಅವಳಿಗೆ ಅಳುಕಾಯಿತು. ಗೊತ್ತಿದ್ದೂ ಒಬ್ಬನನ್ನು ಬೆಳಕಿಗೆ ಒಡ್ಡುವುದು ಸರಿಯೇ? ಕಣ್ಣು ಸುಡುವುದಿಲ್ಲ ಎಂದಿದ್ದಾನಲ್ಲ ವಿಷ್ಣುಪ್ರಸಾದ. ಅವನ ಲೆಕ್ಕ ತಪ್ಪಿದ್ದರೆ? ಅವಳು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗೋವಿಂದ ಹೆಲ್ಮೆಟ್ಟು ಇಳಿಸಿ, ರಾಡು ಹಿಡಿದು, ಕಬ್ಬಿಣಕ್ಕೆ ಗೀರಿದ್ದ.

ಚಟ್!

ಪರದೆಯೆಲ್ಲ ನೀಲಿ ಬೆಳಕಾಯಿತು. ಸಮತಾ ಮುಖ ತಿರುಗಿಸಿದಳು. "ಅಯ್ಯಪ್ಪಾ!" ಎಂಬ ಕೂಗು, ನೆಲಕ್ಕೆ ಬಿದ್ದ ಹೆಲ್ಮೆಟ್ಟಿನ ಸದ್ದು.

ಗೋವಿಂದ ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು ಸ್ಟೂಲಿನಿಂದ ಎದ್ದಿದ್ದ. "ಕಪ್ಪಾಗ್ಲೇ ಇಲ್ಲ! ಬ್ಯಾಟರಿ ಹೋಗಿದೆ!"

"ಬ್ಯಾಟರಿ ಸರಿ ಇದೆ." ಸಮತಾ ಹೆಲ್ಮೆಟ್ಟು ಎತ್ತಿಕೊಂಡಳು. "ಸೆನ್ಸರಿನ ಮೇಲೆ ವಿಭೂತಿ ಇದೆ. ಪೂಜೆ ದಿನದಿಂದ ಇದೆ, ಯಾರೂ ಒರೆಸಿಲ್ಲ. ನೀವೇ ಹೇಳಿದ್ರಿ."

ಅವನು ಕೈ ತೆಗೆದ. ಕಣ್ಣಲ್ಲಿ ನೀರು.

"ಒಂದು ಕಿಡಿ ತಡ್ಕೊಳ್ಳೋಕೆ ಆಗ್ಲಿಲ್ಲ ನಿಮಗೆ. ಮೊನ್ನೆ ಊಟದಿಂದ ಚಹಾದವರೆಗೆ ಹೇಗೆ ತಡ್ಕೊಂಡ್ರಿ?"

ಗೋವಿಂದ ಟಾರ್ಪಾಲಿನ ಬಾಯಿಯ ಕಡೆ ನೋಡಿದ. ಅಲ್ಲಿ ಹುಲಿಯಪ್ಪ ನಿಂತಿದ್ದ, ಬಾಗಿಲಿನಷ್ಟೇ ಅಗಲ. ಇನ್ನು ಮೂರು ಕಡೆ ಪರದೆ.

"ನೀವು ಇಲ್ಲಿ ಇರಲೇ ಇಲ್ಲ," ಎಂದಳು ಸಮತಾ. "ಇದ್ದಿದ್ರೆ ಇದು ಕೆಟ್ಟಿದೆ ಅಂತ ಮೊನ್ನೇನೇ ಗೊತ್ತಾಗ್ತಿತ್ತು. ಎಲ್ಲಿದ್ರಿ? ನಿಮ್ಮ ಕೋಟು ಹಾಕ್ಕೊಂಡು ಇಲ್ಲಿ ಕೂತಿದ್ದು ಯಾರು?"

"ಕೇಳಬೇಡಿ ಮೇಡಂ."

"ಹೆಸರು ಹೇಳಿ."

"ಹೇಳಿದ್ರೆ ನಂಗಿಂತ ಜಾಸ್ತಿ ಆ ಹುಡುಗನಿಗೇ ಕಷ್ಟ. ನಿಮ್ಮ ಲಾಕಪ್ಪಲ್ಲಿ ಇದಾನಲ್ಲ, ಅವನಿಗೆ." ಗೋವಿಂದ ಸ್ಟೂಲಿನ ಮೇಲೆ ಕುಕ್ಕರಿಸಿದ. "ವಕೀಲರು ಬರ್ಲಿ. ಅಲ್ಲಿವರೆಗೆ ನನ್ನ ಬಾಯಿ ಬಂದ್."

ಅದೊಂದು ಬೆದರಿಕೆಯಂತೆ ಕೇಳಿಸಿತು. ಸಮತಾ ಅದನ್ನು ಬೆದರಿಕೆಯೆಂದೇ ತೆಗೆದುಕೊಂಡಳು.

ಹೊರಗೆ ಬಂದು ವಿಷ್ಣುಪ್ರಸಾದನನ್ನು ಪಕ್ಕಕ್ಕೆ ಕರೆದಳು. "ವೆಲ್ಡರ್ ಆಗಿದ್ದೋನು ಎರಡನೇ ಕಿಡಿಗೆ ನಿಲ್ಲಿಸ್ತಾನೆ ಅಂದ್ರಿ. ಕೆಲಸ ಗೊತ್ತಿಲ್ಲದೋರು ಆದ್ರೆ?"

ಅವನು ಯೋಚಿಸಿದ. "ಗಾಜು ಕಪ್ಪಾಗಬೇಕು ಅನ್ನೋದೇ ಅವರಿಗೆ ಗೊತ್ತಿರಲ್ಲ. ಕಣ್ಣು ಕುಕ್ಕುತ್ತೆ ಅಂತ ಹೆಲ್ಮೆಟ್ ಮೇಲೆತ್ತಿ, ಬರಿಗಣ್ಣಲ್ಲಿ ಓರೆ ನೋಡ್ಕೊಂಡು ಕಿಡಿ ಹಾಕ್ತಾರೆ. ಅದೇ ಘಾತ. ಆಗೇನೂ ಗೊತ್ತಾಗಲ್ಲ. ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ. ಎರಡು ಮೂರು ದಿನ ಬೆಳಕು ನೋಡೋಕಾಗಲ್ಲ."

ಎರಡು ಮೂರು ದಿನ. ಹಾಗಾದರೆ ಇನ್ನೂ ಇರಬೇಕು. ಶೆಡ್ಡಿನವರೆಲ್ಲರ ಮುಖಗಳನ್ನು ಸಮತಾ ಮನಸ್ಸಿನಲ್ಲಿ ಒಂದೊಂದಾಗಿ ತಂದುಕೊಂಡಳು. ಎಲ್ಲರ ಹೇಳಿಕೆಯನ್ನೂ ಎದುರು ಕೂರಿಸಿಕೊಂಡು ತೆಗೆದಿದ್ದಳು. ಯಾರ ಕಣ್ಣೂ ಕೆಂಪಾಗಿರಲಿಲ್ಲ.

"ಹೇಳಿಕೆ ಕೊಡದೇ ಇದ್ದೋರು ಯಾರಾದ್ರೂ ಇದಾರಾ?"

"ಗುಡಿಸೋ ಹೆಂಗಸು," ಎಂದ ಹುಲಿಯಪ್ಪ. "ಕವನ ಅಂತ. ಯೋಗರಾಜನ ಹೆಂಡ್ತಿ. ಪಾಪ, ಸ್ಟೇಶನ್ನಿಗೂ ಬಂದಿಲ್ಲ ಮೇಡಂ. ಊಟದ ಡಬ್ಬಿ ಅವನ ತಾಯಿ ತರ್ತಾಳೆ. ಸೊಸೆ ಅತ್ತು ಅತ್ತು ಕಣ್ಣೇ ಬಿಡೋಕೆ..."

ಹುಲಿಯಪ್ಪ ತಟ್ಟನೆ ಸಮತಾಳ ಮುಖ ನೋಡಿದ.

ಗೋವಿಂದನ ಕಾವಲಿಗೆ ಇನ್ನೊಬ್ಬ ಕಾನ್‌ಸ್ಟೆಬಲನನ್ನು ಬಿಟ್ಟು ಇಬ್ಬರೂ ಜೀಪಿನ ಕಡೆ ಹೆಜ್ಜೆ ಹಾಕಿದರು.

*

ಭದ್ರಾವತಿಯ ಹೊಳೆ ಸೇತುವೆ ದಾಟುವಾಗ ಸರ್ಕಲ್ ಇನ್‌ಸ್ಪೆಕ್ಟರ್ ಫೋನು ಮಾಡಿದರು. "ಆರೋಪೀನ ಹೊರಡಿಸ್ತಿದೀನಿ. ನಿಮ್ಮ ಹತ್ರ ಬೇರೆ ಏನಾದ್ರೂ ಇದ್ರೆ ಬರಹದಲ್ಲಿ ತನ್ನಿ. ಅನುಮಾನ ತರಬೇಡಿ, ಅದು ನಿಮ್ಮ ಹತ್ರ ಯಾವಾಗಲೂ ಇರುತ್ತೆ."

"ಬರಹದಲ್ಲೇ ತರ್ತೀನಿ ಸರ್," ಎಂದಳು.

ಕಾರ್ಖಾನೆ ಕೆಲಸಗಾರರ ಹಳೆಯ ವಠಾರ. ಸಾಲುಮನೆಗಳ ನಡುವೆ ಒಂದರ ಕಿಟಕಿಗೆ ಹಾಡುಹಗಲೇ ಗೋಣಿ ಕಟ್ಟಿತ್ತು. ಬಾಗಿಲು ತೆಗೆದದ್ದು ಯೋಗರಾಜನ ತಾಯಿ ಯಲ್ಲಮ್ಮ.

"ಬಿಟ್ರಾ ತಾಯಿ ನನ್ನ ಮಗನ್ನ?"

"ಬಿಡಿಸೋಕೇ ಬಂದಿದೀನಿ ಅಮ್ಮ. ಸೊಸೆ ಎಲ್ಲಿ?"

"ಒಳಗಿದಾಳೆ. ಮೊನ್ನೆಯಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಬಿದ್ದಿದಾಳೆ. ಏನಾದ್ರೂ ಅಂದ್ರೆ ಬರೀ ಕಣ್ಣೀರು."

ಒಳಗೆ ಕತ್ತಲು. ಚಾಪೆಯ ಮೇಲೆ ಅಂಗಾತ ಮಲಗಿದ್ದ ಸಣ್ಣ ಮೈಕಟ್ಟಿನ ಹೆಂಗಸು. ಎರಡೂ ಕಣ್ಣಿನ ಮೇಲೆ ದುಂಡಗೆ ಹೆಚ್ಚಿದ ಆಲೂಗಡ್ಡೆ ಬಿಲ್ಲೆಗಳು.

ಅತ್ತವರು ಕಣ್ಣಿಗೆ ಆಲೂಗಡ್ಡೆ ಇಟ್ಟುಕೊಳ್ಳುವುದಿಲ್ಲ. ಬೆಸುಗೆಯ ಬೆಳಕು ಹೊಡೆದವರು ಇಟ್ಟುಕೊಳ್ಳುತ್ತಾರೆ. ಈ ವಠಾರದಲ್ಲಿ ಅದು ಮಕ್ಕಳಿಗೂ ಗೊತ್ತು. ಯಲ್ಲಮ್ಮನಿಗೆ ಗೊತ್ತಿರಲಿಲ್ಲವೇ? ಕೇಳುವ ಧೈರ್ಯವಾಗಿರಲಿಕ್ಕಿಲ್ಲ.

ಸಮತಾ ಚಾಪೆಯ ಪಕ್ಕ ನೆಲಕ್ಕೆ ಕುಳಿತಳು.

"ಕವನ. ಆ ಹೆಲ್ಮೆಟ್ಟಿಗೆ ವಿಭೂತಿ ಹಚ್ಚಿದ್ದು ಯಾರು?"

ಕವನ ಬಿಲ್ಲೆಗಳನ್ನು ಬೆರಳಿನಿಂದ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, "ನಾನೇ. ಪೂಜೆಗೆ ಎಲ್ಲಾ ಸಾಮಾನಿಗೂ ನಾನೇ ಹಚ್ಚಿದ್ದು. ಅದಕ್ಕೆ ಮುಖ ಇದ್ದ ಹಾಗಿತ್ತು. ಅದಕ್ಕೇ ಹಣೆ ತುಂಬ ಎಳೆದೆ."

"ಮೊನ್ನೆ ಅದನ್ನ ಹಾಕ್ಕೊಂಡು ಕೂತಿದ್ದೂ ನೀನೇ."

ಆಲೂಗಡ್ಡೆ ಬಿಲ್ಲೆಯೊಂದು ಜಾರಿ ಚಾಪೆಗೆ ಬಿತ್ತು. ಕೆಳಗೆ ಊದಿಕೊಂಡ ರೆಪ್ಪೆ.

"ಏನಂದ್ರಿ?" ಯಲ್ಲಮ್ಮ ಬಾಗಿಲ ಹತ್ತಿರದಿಂದ ಓಡಿಬಂದಳು. "ಇವಳು ಯಾಕೆ ಕೂರ್ತಾಳೆ?"

"ಗೋವಿಂದಣ್ಣ ಕೂರಿಸಿದ್ರು ಅತ್ತೆ." ಕವನಳ ದನಿ ಒಣಗಿತ್ತು. "ಅವರ ಕೋಟು ತೊಡಿಸಿ, ಹೆಲ್ಮೆಟ್ ಹಾಕಿ, 'ಆಗಾಗ ಕಿಡಿ ಹೊತ್ತಿಸ್ತಾ ಇರು, ಸಾಹುಕಾರ್ರು ನೋಡಿದ್ರೆ ನಾನೇ ಅಂದ್ಕೋಬೇಕು, ಚಹಾ ಹೊತ್ತಿಗೆ ಬಂದುಬಿಡ್ತೀನಿ' ಅಂದ್ರು. ಎಲ್ಲಿಗೆ ಹೋದ್ರೋ ಗೊತ್ತಿಲ್ಲ. ಅವರ ಮಾತು ಕೇಳಿದ್ರೆ ಇವರ ಕೆಲಸ ಪರ್ಮನೆಂಟ್ ಮಾಡಿಸ್ತಾರೆ ಅಂತ ಆಸೆ ಆಯ್ತು. ಮನುಷ್ಯ ಸಾಯ್ತಾನೆ ಅಂತ ನಂಗೇನು ಗೊತ್ತು?"

ಸಮತಾಳಿಗೆ ಎರಡು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಸಿಕ್ಕಿತು. ಗೋವಿಂದ ಬೆಂಚಿನಲ್ಲಿ ಇರಲಿಲ್ಲ. ಸಾಕ್ಷಿ ಎದುರಿಗಿತ್ತು.

"ಹುಲಿಯಪ್ಪ, ಬರ್ಕೊಳ್ಳಿ. ಬಾಯಿಂದ ಬಂದ ಹಾಗೇ, ಒಂದು ಮಾತೂ ಬಿಡದೆ."

ಹುಲಿಯಪ್ಪ ಹಲಗೆಯ ಮೇಲೆ ಕಾಗದ ಇಟ್ಟು, ಗೋಣಿಯ ಅಂಚು ಸರಿಸಿ ಬೆಳಕು ಮಾಡಿಕೊಂಡ. ಪೆನ್ನು ಓಡತೊಡಗಿತು.

"ಇದನ್ನ ಮೊನ್ನೆಯೇ ಹೇಳಿದ್ರೆ ನಿನ್ನ ಗಂಡ ಒಂದು ರಾತ್ರೀನೂ ಲಾಕಪ್ಪಲ್ಲಿ ಇರ್ತಿರಲಿಲ್ಲ. ಯಾಕೆ ಹೇಳ್ಲಿಲ್ಲ?"

ಕವನ ಗೋಡೆಯ ಕಡೆ ಹೊರಳಿದಳು.

"ಹೇಳೇ!" ಯಲ್ಲಮ್ಮ ಅವಳ ಭುಜ ಹಿಡಿದು ಅಲುಗಿಸಿದಳು. "ಹೇಳಿಬಿಡು ಮಗಳೇ, ಇನ್ನೇನಿದೆ ಎಲ್ಲಾ ಹೇಳು. ನನ್ನ ಮಗ ಮನೆಗೆ ಬರ್ತಾನೆ. ನಿನ್ನನ್ನ ಯಾರೂ ಏನೂ ಅನ್ನಲ್ಲ, ನಾನಿದೀನಿ."

"ಅತ್ತೆ, ಬೇಡ."

"ಹೇಳು ಅಂದ್ನಲ್ಲ!"

ಕವನ ಎದ್ದು ಕುಳಿತಳು. ಕಣ್ಣು ತೆರೆಯಲು ಯತ್ನಿಸಿ ಸೋತಳು. ಮುಚ್ಚಿದ ರೆಪ್ಪೆಯಿಂದಲೇ ನೀರು ಇಳಿಯಿತು.

"ಒಳಗೆ ಬೆಳಕು ಚುಚ್ತಿತ್ತು. ತಡೆಯೋಕಾಗ್ದೆ ಹೆಲ್ಮೆಟ್ ಮೇಲೆತ್ತಿ ಬರಿಗಣ್ಣಲ್ಲೇ ಕಿಡಿ ಹಾಕ್ದೆ. ಒಂದ್ಸಲ ಸೆರಗಲ್ಲಿ ಕಣ್ಣು ಒರೆಸ್ಕೊಂಡು ತಲೆ ಎತ್ತಿದೆ. ಪರದೆ ಮೇಲಿಂದ ಟ್ಯಾಂಕಿನ ನೆತ್ತಿ ಕಾಣ್ತಿತ್ತು. ಅಲ್ಲೊಬ್ರು ಮೊಣಕಾಲೂರಿ ಕೂತಿದ್ರು. ಮುಚ್ಚಳದ ಮೇಲೆ ಬಗ್ಗಿದ್ರು. ಕೈಲಿ ಸ್ಪ್ಯಾನರು."

"ಗೋವಿಂದ."

"ಅಲ್ಲ ಮೇಡಂ."

ಪೆನ್ನಿನ ಸದ್ದು ನಿಂತಿತು.

"ಅವ್ರೂ ನನ್ನ ಕಡೆ ನೋಡಿದ್ರು. ನಾನೇ ಅಂತ ಗೊತ್ತಾಯ್ತು ಅವ್ರಿಗೆ. ನಮ್ಮನೆಯೋರು."

ಯಲ್ಲಮ್ಮನ ಕೈ ಸೊಸೆಯ ಭುಜದಿಂದ ಬಿದ್ದುಹೋಯಿತು.

ಸಮತಾಳ ದನಿ ಅವಳಿಗೇ ದೂರದಿಂದ ಬಂದಂತೆ ಕೇಳಿಸಿತು. "ಏನು ಮಾಡ್ತಿದ್ದ? ಬೋಲ್ಟ್ ಬಿಗೀತಿದ್ದನಾ, ಬಿಚ್ಚುತ್ತಿದ್ದನಾ? ಸರಿಯಾಗಿ ಜ್ಞಾಪಿಸ್ಕೋ."

"ಅದೇ ಕಾಣ್ಲಿಲ್ಲ ಮೇಡಂ." ಕವನ ಎರಡೂ ಮುಷ್ಟಿಯಿಂದ ಹಣೆ ಒತ್ತಿಕೊಂಡಳು. "ಕಣ್ಣ ತುಂಬ ಹಸಿರು ಉಂಡೆ ಓಡಾಡ್ತಿತ್ತು. ಕೈ ತಿರುಗ್ತಾ ಇತ್ತು. ಯಾವ ಕಡೆ ತಿರುಗ್ತಿತ್ತು ಅಂತ ಮೊನ್ನೆಯಿಂದ ಇಲ್ಲಿ ಬಿದ್ಕೊಂಡು ಅದನ್ನೇ ನೋಡ್ತಿದೀನಿ. ಕಾಣ್ತಾ ಇಲ್ಲ."

ಸಮತಾಳ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಸರ್ಕಲ್ ಇನ್‌ಸ್ಪೆಕ್ಟರು. ಯೋಗರಾಜನನ್ನು ಒಯ್ದ ಜೀಪು ಕೋರ್ಟು ಮುಟ್ಟಿರಬೇಕು.

ಯಲ್ಲಮ್ಮ ನೆಲದ ಮೇಲೆ ತೆವಳಿಕೊಂಡೇ ಬಂದಳು. ಒದ್ದೆ ಅಂಗೈಯನ್ನು ಹುಲಿಯಪ್ಪನ ಕಾಗದದ ಮೇಲೆ, ಅರ್ಧಕ್ಕೆ ನಿಂತ ಸಾಲಿನ ಮೇಲೆ, ಅಗಲವಾಗಿ ಊರಿದಳು.

"ಇಲ್ಲಿಗೆ ಸಾಕು ಮಗನೇ," ಎಂದಳು. "ಗೋವಿಂದ ಬೆಂಚಲ್ಲಿ ಇರ್ಲಿಲ್ಲ ಅಂತ ಬಂತಲ್ಲ. ಅಷ್ಟು ನಿಜ. ಅಷ್ಟೇ ಇರ್ಲಿ."

ಹುಲಿಯಪ್ಪ ಅವಳ ಕೈ ಸರಿಸಲಿಲ್ಲ. ತಲೆ ಎತ್ತಿ ಸಮತಾಳನ್ನು ನೋಡಿದ.

"ಮೇಡಂ, ಬರೀಲಾ?"